ಮನೆಯ ಆರೋಗ್ಯ: ಹರ್ನಿಯಾ ಶಸ್ತ್ರಚಿಕಿತ್ಸೆ – ದುಬಾರಿಯದೇ ಹಿತವೆ?

ಕಳೆದ ಸಂಚಿಕೆಯು ಅಚ್ಚಿಗೆ ಹೋದ ಮರುದಿನ ಸಂಜೆ ನಮ್ಮ ವಾಚಕರಲ್ಲೊಬ್ಬರು, ಮಂಗಳೂರಿನ ರಥಬೀದಿಯ ಬಳಿ ಸಣ್ಣದೊಂದು ಅಂಗಡಿಯನ್ನಿಟ್ಟುಕೊಂಡಿರುವ ಗೃಹಸ್ಥರು, ನಮ್ಮಲ್ಲಿಗೆ ಬಂದರು. ಕೈಯಲ್ಲಿ ಎರಡು ಕಾಗದಗಳಿದ್ದುವು. ಅರುವತ್ತಾರು ವರ್ಷ ಪ್ರಾಯದ ಅವರ ತಂದೆಯವರಿಗೆ ಬಲತೊಡೆಯ ಸಂದಿನಲ್ಲಿ ಹರ್ನಿಯಾ ಆಗಿದೆಯೆಂದೂ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ವೈದ್ಯರು ಹೇಳಿದ್ದರಂತೆ. ಆ ಕಾಗದಗಳು ನಗರದ ಎರಡು ಆಸ್ಪತ್ರೆಗಳಿಂದ ತಂದ ಖರ್ಚಿನ ಅಂದಾಜುಪಟ್ಟಿಗಳು. ಒಂದರಲ್ಲಿ ತೊಡೆಸಂದನ್ನು ಕೊಯ್ದು, ಒಳಗೆ ಬಲೆಯಿಟ್ಟು ಹೊಲಿಯುವ ಕ್ರಮ. ಇನ್ನೊಂದರಲ್ಲಿ ಹೊಟ್ಟೆಯಲ್ಲಿ ಮೂರು ಸಣ್ಣ ರಂಧ್ರಗಳನ್ನು ಮಾಡಿ, ಕೆಮರಾದ ಸಹಾಯದಿಂದ ಬಲೆಯನ್ನಿಡುವ ಕ್ರಮ. ಎರಡನೆಯದರ ಮೊತ್ತವು ಮೊದಲನೆಯದರ ಹತ್ತಿರಹತ್ತಿರ ಇಮ್ಮಡಿ.

“ಸ್ವಾಮೀ, ದುಬಾರಿಯದೇ ಒಳ್ಳೆಯದಲ್ಲವೆ? ಮಗಳ ಕಾಲೇಜಿನ ಫೀಸಿಗೆಂದು ಇಟ್ಟ ಹಣವುಂಟು, ಅದನ್ನು ತೆಗೆದರಾಯಿತು. ಹೆತ್ತ ತಂದೆಯ ವಿಷಯದಲ್ಲಿ ಜಿಪುಣತನ ಮಾಡಿದೆನೆಂದು ನಾಳೆ ನಾಲ್ಕು ಜನರು ಹೇಳಬಾರದು ನೋಡಿ” ಎಂದರು.

ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಪುರುಷರಲ್ಲಿ ನೂರಕ್ಕೆ ೨೭ರಿಂದ ೪೩ ಮಂದಿಗೆ, ಸ್ತ್ರೀಯರಲ್ಲಿ ನೂರಕ್ಕೆ ೩ರಿಂದ ೬ ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ತೊಡೆಸಂದಿನ ಹರ್ನಿಯಾ ಬರುವುದೆಂದು ೨೦೧೮ರಲ್ಲಿ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಯು ತಿಳಿಸುತ್ತದೆ. ಅಂದಮೇಲೆ ಈ ಪ್ರಶ್ನೆ ಬಾರದ ಮನೆಯೇ ವಿರಳ. ಆದುದರಿಂದ ಈ ತಿಂಗಳ ಬರಹವನ್ನು ಇದಕ್ಕೇ ಮೀಸಲಿಡುತ್ತೇವೆ.

ಹರ್ನಿಯಾ ಎಂದರೇನು? ಹೊಟ್ಟೆಯ ಮಾಂಸಲವಾದ ಗೋಡೆಯಲ್ಲಿ ಸಹಜವಾಗಿಯೇ ಕೆಲವು ದುರ್ಬಲ ಸ್ಥಳಗಳುಂಟು. ಪ್ರಾಯ ಕಳೆದಂತೆ ಅಥವಾ ಹುಟ್ಟಿನಿಂದಲೇ ಅಂಥ ಸ್ಥಳವು ಸಡಿಲವಾದರೆ, ಒಳಗಿನ ಕೊಬ್ಬು ಅಥವಾ ಕರುಳು ಅದರ ಮೂಲಕ ಹೊರಗೆ ಇಣುಕುತ್ತದೆ. ನಿಂತಾಗ, ಕೆಮ್ಮಿದಾಗ ಗಂಟಿನಂತೆ ಉಬ್ಬುತ್ತದೆ. ಮಲಗಿದರೆ ಒಳಗೆ ಸರಿಯುತ್ತದೆ. ಭಾರ ಎತ್ತಿದ್ದರಿಂದಲೇ ಬಂತೆಂದು ಬಂದರಿನ ಹಮಾಲರೂ ತೋಟದ ಕೆಲಸದವರೂ ಹೇಳುವುದುಂಟು. ಇದಕ್ಕೆ ದೊರೆತ ಆಧಾರವು ನಾವೆಣಿಸುವಷ್ಟು ಬಲವಾದುದಲ್ಲ. ಮನೆತನದಲ್ಲಿ ಇದ್ದರೆ ಬರುವ ಸಂಭವವು ಹೆಚ್ಚೆಂಬುದು ಅದಕ್ಕಿಂತ ನಿಶ್ಚಿತ. ಗುಳಿಗೆ, ಲೇಪ, ಕಷಾಯಗಳಿಂದ ಈ ತೂತು ಮುಚ್ಚುವುದಿಲ್ಲ. ಔಷಧದ ಅಂಗಡಿಯಲ್ಲಿ ದೊರೆಯುವ ನಡುಪಟ್ಟಿಯು ಗಂಟನ್ನು ಒತ್ತಿಹಿಡಿಯಬಲ್ಲುದೇ ವಿನಾ ಗುಣಪಡಿಸಲಾರದು.

ಹಾಗೆಂದು ಗಂಟು ಕಂಡ ದಿನವೇ ಆಸ್ಪತ್ರೆಗೆ ಧಾವಿಸಬೇಕೆಂದೂ ಇಲ್ಲ. ನೋವಿಲ್ಲದ ಅಥವಾ ಅತ್ಯಲ್ಪ ತೊಂದರೆಯ ಹರ್ನಿಯಾ ಇದ್ದ ೭೨೦ ಮಂದಿ ಪುರುಷರನ್ನು ಉತ್ತರ ಅಮೆರಿಕದಲ್ಲಿ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ಮತ್ತೊಂದನ್ನು ಸುಮ್ಮನೆ ಗಮನಿಸುತ್ತ ಬಂದರು. ೨೦೦೬ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕಾದವರಲ್ಲಿ ಕರುಳು ಸಿಕ್ಕಿಕೊಂಡು ಅವಸರದ ಚಿಕಿತ್ಸೆ ಬೇಕಾದದ್ದು ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತಲೂ ಕಡಮೆ ಮಂದಿಗೆ. ಆದರೆ ಹತ್ತು ವರ್ಷಗಳೊಳಗಾಗಿ ಕಾದವರಲ್ಲಿ ನೂರಕ್ಕೆ ೬೮ ಮಂದಿ, ಮುಖ್ಯವಾಗಿ ನೋವು ಹೆಚ್ಚಿದುದರಿಂದ, ತಾವಾಗಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಎಂದರೆ ಪುರುಷನು ವೈದ್ಯರ ಸಲಹೆಯಂತೆ ಕೆಲವು ಕಾಲ ಕಾಯಬಹುದು. ಹಣ ಕೂಡಿಸಲು, ಬಿಡುವು ನೋಡಿಕೊಳ್ಳಲು ಆ ಕಾಲವನ್ನು ಉಪಯೋಗಿಸಬಹುದು. ಈ ಮಾತು ಸ್ತ್ರೀಯರಿಗೆ ಅನ್ವಯಿಸದು. ಅದರ ಕಾರಣವನ್ನು ಮುಂದೆ ಹೇಳುವೆವು.

ಈಗ ಕ್ರಮಗಳ ವಿಚಾರ. ಇಟೆಲಿ ದೇಶದ ಪಾದುವಾದಲ್ಲಿ ಬಾಸ್ಸೀನಿ ಎಂಬ ಶಸ್ತ್ರವೈದ್ಯರು ೧೮೮೪ರಲ್ಲಿ ಆರಂಭಿಸಿದ ಕ್ರಮವೇ ಈ ಚಿಕಿತ್ಸೆಗೆ ಅಡಿಪಾಯ. ಸಡಿಲವಾದ ಮಾಂಸದ ಅಂಚುಗಳನ್ನು ಒಂದಕ್ಕೊಂದು ಎಳೆದು ಹೊಲಿಯುವುದು ಅದರ ತಿರುಳು. ಕೆನಡಾದ ಟೊರೊಂಟೋದಲ್ಲಿ ಶೋಲ್ಡೈಸ್ ಎಂಬ ವೈದ್ಯರು ೧೯೪೫ರಲ್ಲಿ ಹರ್ನಿಯಾಕ್ಕಾಗಿಯೇ ಒಂದು ಆಸ್ಪತ್ರೆಯನ್ನು ತೆರೆದು, ಪದರ ಪದರವಾಗಿ ಹೊಲಿಯುವ ಸುಧಾರಿತ ಕ್ರಮವನ್ನು ರೂಢಿಗೆ ತಂದರು. ಪುಣೆಯ ಶಸ್ತ್ರವೈದ್ಯರಾದ ದೇಸರಡಾ ಅವರು ರೋಗಿಯ ಸ್ವಂತ ಮಾಂಸಪೊರೆಯ ಪಟ್ಟಿಯನ್ನೇ ತೇಪೆಯಾಗಿ ಹೊಲಿಯುವ ಕ್ರಮವನ್ನು ೨೦೦೧ರಿಂದ ಪ್ರಕಟಿಸಿದರು. ಈ ಮೂರರಲ್ಲಿಯೂ ಹೊರಗಿನ ವಸ್ತುವನ್ನು ಶರೀರದಲ್ಲಿ ಇಡುವುದಿಲ್ಲ. ಅದರ ಬೆಲೆಯೂ ಬೀಳುವುದಿಲ್ಲ. ಆದರೆ ಕೈ ಚೆನ್ನಾಗಿ ಪಳಗಿರಬೇಕು.

ಎಳೆದು ಹೊಲಿಯುವುದರ ದೋಷವೇನೆಂಬುದನ್ನು ನಮ್ಮ ಧಕ್ಕೆಯಲ್ಲಿ ಬಲೆ ಹೆಣೆಯುವ ಮೊಗವೀರರನ್ನು ಕೇಳಿದರೆ ಚೆನ್ನಾಗಿ ಹೇಳಿಯಾರು. ಜೀರ್ಣವಾದ ಬಲೆಯ ಎರಡು ಅಂಚುಗಳನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಕಟ್ಟಿನ ಪಕ್ಕದಲ್ಲಿಯೇ ಅದು ಪುನಃ ಹರಿಯುವುದು. ಹೊಸ ತುಂಡೊಂದನ್ನು ಸಡಿಲವಾಗಿ ಸೇರಿಸಿದರೆ ಬಾಳುವುದು. ಅಮೆರಿಕದ ಲಿಖ್ಟೆನ್‌ಸ್ಟೈನ್ ಎಂಬವರು ೧೯೮೦ರ ದಶಕದಲ್ಲಿ ಇದೇ ತತ್ತ್ವವನ್ನು ಹಿಡಿದು, ಪಾಲಿಪ್ರೊಪಿಲೀನ್ ನೂಲಿನ ಸೂಕ್ಷ್ಮವಾದ ಬಲೆಯ ತುಂಡನ್ನು ತೂತಿನ ಮೇಲೆ ಹಾಸಿ ಹೊಲಿಯುವ ಕ್ರಮವನ್ನು ಪ್ರಚಾರಗೊಳಿಸಿದರು. ಇದನ್ನೇ ವೈದ್ಯರು ಮೆಶ್ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಶರೀರದ ಮಾಂಸತಂತುಗಳು ಅದರ ಕಣ್ಣುಗಳೊಳಗೆ ಬೆಳೆದು ಗೋಡೆಯು ಗಟ್ಟಿಯಾಗುತ್ತದೆ. ಹರ್ನಿಯಾ ಮರಳಿ ಬರುವುದು ಇದರಿಂದ ಬಹಳ ಕಡಮೆಯಾಯಿತು. ದೊಡ್ಡವರಿಗೆ ಬಲೆಯಿಡುವ ಕ್ರಮವನ್ನೇ ಮಾರ್ಗಸೂಚಿಯು ಶಿಫಾರಸು ಮಾಡುತ್ತದೆ.

ಮೂರನೆಯದು, ೧೯೯೦ರ ದಶಕದ ಆರಂಭದಲ್ಲಿ ರೂಪುಗೊಂಡ ಲ್ಯಾಪರೋಸ್ಕೋಪಿಯ ಕ್ರಮ. ಇದರಲ್ಲಿಯೂ ಬಲೆಯನ್ನೇ ಇಡುತ್ತಾರೆ. ಆದರೆ ಗೋಡೆಯ ಹೊರಮೈಗಲ್ಲ, ಒಳಮೈಗೆ. ರಂಧ್ರಗಳು ಸಣ್ಣವು, ಆರಂಭದ ನೋವು ಕಡಮೆ, ಕೆಲಸಕ್ಕೆ ಬೇಗ ಮರಳಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಪೂರ್ಣ ಪ್ರಜ್ಞೆ ತಪ್ಪಿಸಬೇಕಾಗುತ್ತದೆ. ಕೊಯ್ದು ಮಾಡುವ ಕ್ರಮವನ್ನಾದರೋ ಆ ಸ್ಥಳವನ್ನು ಮಾತ್ರ ಮರಗಟ್ಟಿಸಿಯೂ ಮಾಡಬಹುದು. ಹೃದಯ, ಶ್ವಾಸಕೋಶಗಳು ದುರ್ಬಲವಾಗಿರುವ ವೃದ್ಧರಿಗೆ ಇದು ದೊಡ್ಡ ಅನುಕೂಲ.

ತೊಡಕುಗಳನ್ನು ಹೇಳದೆ ಗುಣಗಳನ್ನು ಮಾತ್ರ ಹೇಳುವುದು ವ್ಯಾಪಾರದ ರೀತಿ. ಆದುದರಿಂದ ಅವನ್ನೂ ಹೇಳುವೆವು. ಗಾಯದಲ್ಲಿ ರಕ್ತ ಅಥವಾ ನೀರು ಕಟ್ಟುವುದು, ಕೀವಾಗುವುದು, ಮೂತ್ರ ಕಟ್ಟುವುದು, ವೃಷಣ ಬಾತುಕೊಳ್ಳುವುದು, ಹರ್ನಿಯಾವು ಮರಳಿ ಬರುವುದು – ಇವು ಯಾವ ಕ್ರಮದಲ್ಲಿಯೂ ಆಗಬಹುದಾದವು. ನಮ್ಮಲ್ಲಿ ಸಾಮಾನ್ಯವಾಗಿರುವ ಬೆನ್ನಿಗೆ ಸೂಜಿ ಚುಚ್ಚಿ ಮರಗಟ್ಟಿಸುವ ವಿಧಾನದಲ್ಲಿ, ಮುಖ್ಯವಾಗಿ ಪ್ರಾಯಸ್ಥ ಪುರುಷರಿಗೆ, ಮೂತ್ರ ಕಟ್ಟುವ ತೊಂದರೆ ಹೆಚ್ಚು. ಎಲ್ಲಕ್ಕೂ ಮಿಗಿಲಾಗಿ ರೋಗಿಗಳಿಗೆ ಮೊದಲೇ ಯಾರೂ ಹೇಳದಿರುವ ತೊಡಕೊಂದುಂಟು: ತಿಂಗಳುಗಟ್ಟಲೆ ಉಳಿಯುವ ನೋವು. ಅದೇ ಮಾರ್ಗಸೂಚಿಯಂತೆ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ೧೦ರಿಂದ ೧೨ ಮಂದಿಗೆ ಅಂಥ ನೋವು ಉಳಿಯುವುದು. ಹೆಚ್ಚಿನವರಿಗೆ ಅದು ಸಹಿಸುವಷ್ಟೇ ಆದರೂ ಕೆಲವರಿಗೆ ನಿತ್ಯದ ಕೆಲಸಕ್ಕೆ ಅಡ್ಡಿಯಾಗುವುದುಂಟು. ಕೆಮರಾದ ಕ್ರಮದಲ್ಲಿ ಈ ನೋವೂ ಚರ್ಮದ ಜೋಮೂ ಕಡಮೆ. ಆದರೆ ಕರುಳು, ಮೂತ್ರಕೋಶ ಅಥವಾ ದೊಡ್ಡ ರಕ್ತನಾಳಗಳಿಗೆ ಗಾಯವಾಗುವ ಅಪಾಯವು, ವಿರಳವಾದರೂ, ಅದರಲ್ಲಿಯೇ ಹೆಚ್ಚು ಘೋರವಾದುದು.

ಇವೆರಡನ್ನೂ ತೂಗಿ ನೋಡಿದ ಪರೀಕ್ಷೆಗಳಲ್ಲಿ ಅಮೆರಿಕದ ನಿವೃತ್ತ ಸೈನಿಕರ ೧೪ ಆಸ್ಪತ್ರೆಗಳಲ್ಲಿ ನಡೆದುದು ಪ್ರಸಿದ್ಧವಾದುದು. ೨,೧೬೪ ಮಂದಿ ಪುರುಷರನ್ನು ಅದಕ್ಕೆ ಸೇರಿಸಿಕೊಂಡಿದ್ದರು. ಫಲಿತಾಂಶವು ೨೦೦೪ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಹರ್ನಿಯಾ ಮರಳಿ ಬಂದುದು ಕೆಮರಾದ ಕ್ರಮದಲ್ಲಿ ನೂರಕ್ಕೆ ೧೦.೧ ಮಂದಿಗೆ, ಕೊಯ್ದು ಬಲೆಯಿಟ್ಟ ಕ್ರಮದಲ್ಲಿ ೪.೯ ಮಂದಿಗೆ. ತೊಡಕುಗಳಾದುದು ಅನುಕ್ರಮವಾಗಿ ೩೯ ಮತ್ತು ೩೩.೪ ಮಂದಿಗೆ. ಕೆಮರಾದ ಕ್ರಮದವರಿಗೆ ಆರಂಭದ ನೋವು ಕಡಮೆಯಿತ್ತು. ಅವರು ಒಂದು ದಿನ ಮೊದಲು ನಿತ್ಯದ ಕೆಲಸಕ್ಕೆ ಮರಳಿದರು. ಇಷ್ಟಕ್ಕೇ ಓದುವುದನ್ನು ನಿಲ್ಲಿಸಿದರೆ ಕೆಮರಾದ ಕ್ರಮವು ಕೀಳೆಂದು ತೋರುವುದು. ಆದರೆ ಅದೇ ಪರೀಕ್ಷೆಯಲ್ಲಿ ಕಂಡುಬಂದ ಇನ್ನೊಂದು ಸಂಗತಿ ಮುಖ್ಯವಾದುದು: ಆ ಕ್ರಮದಲ್ಲಿ ೨೫೦ಕ್ಕೆ ಮೇಲ್ಪಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದ ವೈದ್ಯರ ರೋಗಿಗಳಲ್ಲಿ ಹರ್ನಿಯಾ ಮರಳಿ ಬಂದುದು ಉಳಿದವರಿಗಿಂತ ಬಹಳ ಕಡಮೆ. ಈ ಕ್ರಮವನ್ನು ಕಲಿತು ಪಳಗಲು ೫೦ರಿಂದ ೧೦೦ ಶಸ್ತ್ರಚಿಕಿತ್ಸೆಗಳು ಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ. ಅಂದಮೇಲೆ ಯಂತ್ರವು ಯಾವುದೆಂದು ಕೇಳುವುದಕ್ಕಿಂತ ಕೈ ಯಾರದೆಂದು ಕೇಳುವುದು ಜಾಣತನ. ಈಚೆಗೆ ದೊಡ್ಡ ನಗರಗಳಲ್ಲಿ ರೋಬೋಟಿನ ಹೆಸರೂ ಕೇಳಿಬರುತ್ತಿದೆ. ೨೦೨೦ರಲ್ಲಿ ಪ್ರಕಟವಾದ ೧೦೨ ರೋಗಿಗಳ ಒಂದು ಪರೀಕ್ಷೆಯಲ್ಲಿ, ಕೆಮರಾದ ಕ್ರಮಕ್ಕಿಂತ ಅದರಿಂದ ರೋಗಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಖರ್ಚು ಮಾತ್ರ ಹೆಚ್ಚಿತು.

ಖರ್ಚಿನ ಪಟ್ಟಿಯು ಬೆಳೆಯುವುದು ಹೇಗೆ? ಶಸ್ತ್ರವೈದ್ಯರ ಫೀಸು, ಅರಿವಳಿಕೆಯ ವೈದ್ಯರ ಫೀಸು, ಶಸ್ತ್ರಾಗಾರದ ಬಾಡಿಗೆ, ಕೋಣೆಯ ಬಾಡಿಗೆ, ಬಲೆಯ ಬೆಲೆ – ಇವು ಮುಖ್ಯವಾದವು. ಕೆಮರಾದ ಕ್ರಮದಲ್ಲಿ ಉಪಕರಣಗಳ ವೆಚ್ಚವೂ, ಬಲೆಯನ್ನು ಒಳಗೋಡೆಗೆ ಬಿಗಿಯುವ ಸಣ್ಣ ಮೊಳೆಗಳ ಬೆಲೆಯೂ ಸೇರುವುದು. ಈ ಮೊಳೆಗಳು ಎಲ್ಲರಿಗೂ ಬೇಕೆಂದಿಲ್ಲ. ಬೇಕೋ ಎಂದು ಕೇಳಿದರೆ ತಪ್ಪಿಲ್ಲ. ಪ್ರತ್ಯೇಕ ಕೋಣೆಯನ್ನು ಆರಿಸಿದರೆ ಅನೇಕ ಆಸ್ಪತ್ರೆಗಳಲ್ಲಿ ಬಾಡಿಗೆಯೊಂದೇ ಅಲ್ಲ, ಉಳಿದ ಫೀಸುಗಳೂ ಏರುತ್ತವೆ. ದಿನಗೂಲಿಯವನು ಮನೆಯಲ್ಲಿ ಕಳೆಯುವ ದಿನಗಳ ನಷ್ಟವನ್ನೂ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಕೊಯ್ದ ಕ್ರಮವಾದರೂ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕೆಂಬುದು ಹಳೆಯ ಕಾಲದ ಮಾತು. ನೋವು ತಾಳುವಷ್ಟರ ಮಟ್ಟಿಗೆ ಬೇಗನೆ ಓಡಾಡುವುದೇ ಒಳ್ಳೆಯದೆಂದು ಈಗಿನ ಮತ. ಭಾರದ ಕೆಲಸಕ್ಕೆ ಮಾತ್ರ ವೈದ್ಯರ ಅಪ್ಪಣೆ ಪಡೆಯತಕ್ಕದ್ದು.

ಬಲೆಯ ಬೆಲೆಯ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ನಡೆದ ಪ್ರಯೋಗವೊಂದನ್ನು ವಾಚಕರು ತಿಳಿದಿರಬೇಕು. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯರಾದ ತೋಂಗಾವಕರರು, ಬಡ ರೋಗಿಗಳಿಗೆ ಪರದೇಶದ ಬಲೆಯ ಬೆಲೆ ಭಾರವಾಗುವುದನ್ನು ಕಂಡು, ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಕ್ರಿಮಿರಹಿತಗೊಳಿಸಿ ಉಪಯೋಗಿಸಿದರು. ಅನೇಕ ಊರುಗಳ ವೈದ್ಯರು ಕೂಡಿ ಮಾಡಿದ ಪ್ರಯೋಗದ ವರದಿಯನ್ನು ೨೦೦೩ರಲ್ಲಿ ಪ್ರಕಟಿಸಿದರು. ಮುಂದೆ ಉಗಾಂಡಾ ದೇಶದಲ್ಲಿ ೩೦೨ ಮಂದಿ ಪುರುಷರಲ್ಲಿ ಇಂಥ ಬಟ್ಟೆಯನ್ನೂ ದುಬಾರಿ ಬಲೆಯನ್ನೂ ಹೋಲಿಸಿ ಪರೀಕ್ಷಿಸಿದರು. ೨೦೧೬ರಲ್ಲಿ ಪ್ರಕಟವಾದ ವರದಿಯಂತೆ, ಒಂದು ವರ್ಷದಲ್ಲಿ ಅಗ್ಗದ ಬಲೆಯವರಲ್ಲಿ ಒಬ್ಬನಿಗೆ ಮಾತ್ರ ಹರ್ನಿಯಾ ಮರಳಿತು, ದುಬಾರಿಯವರಲ್ಲಿ ಯಾರಿಗೂ ಇಲ್ಲ. ತೊಡಕುಗಳಾದುದು ಅನುಕ್ರಮವಾಗಿ ನೂರಕ್ಕೆ ೩೦.೮ ಮತ್ತು ೨೯.೭ ಮಂದಿಗೆ. ಇದನ್ನೋದಿ ಯಾರೂ ಪೇಟೆಯ ಸೊಳ್ಳೆಪರದೆಯನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕಿಲ್ಲ! ಪರೀಕ್ಷಿತವಾದ ಬಟ್ಟೆ ಬೇರೆ, ಅದನ್ನು ಶುದ್ಧಗೊಳಿಸುವ ಕ್ರಮ ಬೇರೆ. ಬೆಲೆ ಹೆಚ್ಚಾದ ಬಲೆಯೇ ಹೆಚ್ಚು ಬಾಳುವುದೆಂಬ ಭ್ರಮೆಯನ್ನು ಬಿಟ್ಟರೆ ಸಾಕು.

ಹಾಗಾದರೆ ಹೆಚ್ಚು ಹಣವನ್ನು ಎಲ್ಲಿಯೂ ಕೊಡಬಾರದೆ? ಕೊಡತಕ್ಕ ಸಂದರ್ಭಗಳುಂಟು. ಎರಡೂ ತೊಡೆಸಂದುಗಳಲ್ಲಿ ಹರ್ನಿಯಾ ಇದ್ದರೆ ಕೆಮರಾದ ಅವೇ ರಂಧ್ರಗಳಿಂದ ಎರಡನ್ನೂ ಸರಿಪಡಿಸಬಹುದು. ಹಿಂದೆ ಕೊಯ್ದು ಮಾಡಿದ ಸ್ಥಳದಲ್ಲಿಯೇ ಮರಳಿ ಬಂದಿದ್ದರೆ, ಹಳೆಯ ಗಾಯವನ್ನು ಕೆದಕದೆ ಒಳಗಿನಿಂದ ಮುಚ್ಚುವುದು ಮೇಲು. ಮೂರನೆಯದು ಸ್ತ್ರೀಯರ ವಿಷಯ. ಅವರಲ್ಲಿ ತೊಡೆಯ ಮೇಲ್ಭಾಗದ ಇಕ್ಕಟ್ಟಾದ ದಾರಿಯಿಂದ ಇಳಿಯುವ ಹರ್ನಿಯಾವು ಪುರುಷರಿಗಿಂತ ಹೆಚ್ಚು. ಅದು ಕರುಳನ್ನು ಬೇಗನೆ ಹಿಸುಕುತ್ತದೆ. ಹೊರಗಿನಿಂದ ನೋಡಿದರೆ ಗುರುತು ತಪ್ಪುವುದೂ ಉಂಟು. ಒಳಗಿನಿಂದ ನೋಡಿದರೆ ಎಲ್ಲ ದಾರಿಗಳೂ ಕಾಣುವುದರಿಂದ, ನುರಿತ ವೈದ್ಯರಿದ್ದಲ್ಲಿ ಸ್ತ್ರೀಯರಿಗೆ ಕೆಮರಾದ ಕ್ರಮವೇ ಉಚಿತವೆಂದು ಮಾರ್ಗಸೂಚಿಯು ಹೇಳುತ್ತದೆ.

ಈ ಮಾತನ್ನು ಬರೆಯುವಾಗ ನಮಗೆ ನಮ್ಮ ಸೋದರತ್ತೆಯವರ ನೆನಪಾಗುತ್ತದೆ. ತೊಡೆಯ ಮೇಲಿನ ನೆಲ್ಲಿಕಾಯಿಯಷ್ಟು ಗಂಟನ್ನು ಅವರು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಯಾರೊಡನೆ? ಆಷಾಢದ ಒಂದು ರಾತ್ರಿ ವಾಂತಿ ಆರಂಭವಾಯಿತು. ಅಜೀರ್ಣವೆಂದು ಮನೆಯವರು ಜೀರಿಗೆಯ ಕಷಾಯ ಕೊಟ್ಟರು. ಹೊಟ್ಟೆಗೆ ಎಣ್ಣೆ ತಿಕ್ಕಿದರು. ಮರುದಿನ ಸಂಜೆಯ ಹೊತ್ತಿಗೆ ಅವರು ಸೊಸೆಯನ್ನು ಬಳಿಗೆ ಕರೆದು ಗಂಟನ್ನು ತೋರಿಸಿದರಂತೆ. ಆಸ್ಪತ್ರೆಯನ್ನು ಮುಟ್ಟುವಾಗ ಕರುಳಿನ ಒಂದು ಭಾಗವು ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಅವರು ಬದುಕಿದರು. ಆದರೆ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಒಂದು ದಿನದ ಸುಲಭ ಚಿಕಿತ್ಸೆಗೆ ಬೀಳುತ್ತಿದ್ದ ಖರ್ಚಿನ ಎಷ್ಟೋ ಪಾಲು ಹಣವು ಹೋಯಿತು. “ಮೊದಲೇ ಹೇಳಬಾರದಿತ್ತೆ, ಅತ್ತೆ?” ಎಂದು ನಾವು ಕೇಳಿದುದಕ್ಕೆ, “ಕೇಳಿದ್ದರೆ ಹೇಳುತ್ತಿದ್ದೆ, ಮಗಾ” ಎಂದರು. ಎಲ್ಲ ಕ್ರಮಗಳಿಗಿಂತಲೂ ದುಬಾರಿಯಾದುದು ತಡಮಾಡಿದ ಶಸ್ತ್ರಚಿಕಿತ್ಸೆ. ಗಂಟು ಗಟ್ಟಿಯಾಗಿ ಒಳಸರಿಯದಿದ್ದರೆ, ನೋವು ಏರುತ್ತಿದ್ದರೆ, ವಾಂತಿಯಾಗಿ ಮಲವಾಯುಗಳು ಕಟ್ಟಿದರೆ, ಗಂಟನ್ನು ಬಲಾತ್ಕಾರವಾಗಿ ಒತ್ತಬಾರದು. ಬಾಯಿಗೆ ಏನನ್ನೂ ಕೊಡಬಾರದು. ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮಕ್ಕಳ ವಿಷಯವನ್ನು ಒಂದೆರಡು ಮಾತುಗಳಲ್ಲಿ ಹೇಳುವೆವು. ಶಿಶುವಿನ ತೊಡೆಸಂದಿನ ಹರ್ನಿಯಾಕ್ಕೆ ಬಲೆ ಬೇಡ. ಸಣ್ಣ ಶಸ್ತ್ರಚಿಕಿತ್ಸೆ ಸಾಕು, ಆದರೆ ತಡಮಾಡಬಾರದು. ಹೊಕ್ಕುಳು ಉಬ್ಬಿದ್ದರೆ ಅದು ಹೆಚ್ಚಾಗಿ ನಾಲ್ಕೈದು ವರ್ಷಗಳೊಳಗೆ ತಾನಾಗಿಯೇ ಮುಚ್ಚುವುದು; ಅದರ ಮೇಲೆ ನಾಣ್ಯವಿಟ್ಟು ಕಟ್ಟುವುದರಿಂದ ಪ್ರಯೋಜನವಿಲ್ಲ, ಚರ್ಮ ಕೆಡುವ ಸಂಭವವುಂಟು.

ಮಂಗಳೂರಿನವರಿಗೆ ಚಿಕಿತ್ಸೆಯ ಅನುಕೂಲಕ್ಕೆ ಕೊರತೆಯಿಲ್ಲ. ಹಂಪನಕಟ್ಟೆಯ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯು ೧೮೪೮ರಷ್ಟು ಹಳೆಯದು. ೧೯೫೦ರ ದಶಕದಿಂದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಅಧ್ಯಾಪಕ ವೈದ್ಯರ ಸೇವೆಯೂ ಅಲ್ಲಿ ದೊರೆಯುತ್ತ ಬಂದಿದೆ. ಕಂಕನಾಡಿಯಲ್ಲಿ ೧೮೮೦ರಲ್ಲಿ ಹೋಮಿಯೋಪತಿಯ ಔಷಧಾಲಯವಾಗಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆಯು ಈಗ ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ದೇರಳಕಟ್ಟೆಯಲ್ಲಿಯೂ ಬೋಧಕ ಆಸ್ಪತ್ರೆಗಳುಂಟು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸಹಾಯವನ್ನು ಪಡೆಯಬೇಕಾದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿನ ಆರೋಗ್ಯಮಿತ್ರರನ್ನು ಕಂಡು ವಿಚಾರಿಸತಕ್ಕದ್ದು. ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ಕಾರ್ಡು ತೋರಿಸಿದರೆ ಸಾಗದೆ ಹೋಗಬಹುದು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯನ್ನು ವಿಚಾರಿಸಿ ನೋಡಬಹುದು. ಖಾಸಗಿ ವಿಮೆಯುಳ್ಳವರು ಕರಾರನ್ನು ಓದಿಕೊಳ್ಳಲಿ. ಹರ್ನಿಯಾಕ್ಕೆ ಎರಡು ವರ್ಷಗಳ ಕಾಯುವಿಕೆಯನ್ನು ಹೇಳುವ ಕರಾರುಗಳೇ ಹೆಚ್ಚು.

ಶಸ್ತ್ರವೈದ್ಯರ ಮುಂದೆ ಕುಳಿತಾಗ ಕೇಳತಕ್ಕ ಪ್ರಶ್ನೆಗಳಿವು: (೧) ಈಗಲೇ ಮಾಡಿಸಬೇಕೋ, ಕಾಯಬಹುದೋ? (೨) ಇವರಿಗೆ ಈ ಕ್ರಮವೇ ಏಕೆ? (೩) ಈ ಕ್ರಮದಲ್ಲಿ ತಾವು ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿರುವಿರಿ? (೪) ಅರಿವಳಿಕೆ ಯಾವುದು? (೫) ಬಲೆ, ಮೊಳೆಗಳ ಬೆಲೆ ಪಟ್ಟಿಯಲ್ಲಿ ಸೇರಿದೆಯೋ? (೬) ತೊಡಕಾಗಿ ಹೆಚ್ಚು ದಿನ ನಿಂತರೆ ಖರ್ಚಿನ ಏರ್ಪಾಡೇನು? ಇವನ್ನು ವಿನಯದಿಂದ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡಲಾರರು.

ರಥಬೀದಿಯ ಗೃಹಸ್ಥರಿಗೆ ನಾವು ಹೇಳಿದುದು ಇನ್ನೂ ಒಂದು ಪ್ರಶ್ನೆಯನ್ನು. “ತಂದೆಯವರು ಏನೆನ್ನುತ್ತಾರೆ?” ಅವರು ತಬ್ಬಿಬ್ಬಾದರು. ತಂದೆಯನ್ನು ಯಾರೂ ಕೇಳಿರಲಿಲ್ಲ. ವಾರದ ತರುವಾಯ ಪುನಃ ಬಂದು ಹೇಳಿದರು: ಕೇಳಿದಾಗ ತಂದೆಯವರು, ಹತ್ತು ವರ್ಷಗಳ ಹಿಂದೆ ಬೊಂಬಾಯಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾಗ ತಮಗೆ ಕಿಬ್ಬೊಟ್ಟೆಯನ್ನು ಕೊಯ್ದು ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದಿದ್ದ ಸಂಗತಿಯನ್ನು ತಿಳಿಸಿದರಂತೆ. “ಹೊಟ್ಟೆಯ ಮೇಲೆ ಗೆರೆಯುಂಟಲ್ಲ, ಡಾಕ್ಟರು ನೋಡಿಯಾರು ಎಂದುಕೊಂಡಿದ್ದೆ” ಎಂದರಂತೆ. ಅಂಥವರಲ್ಲಿ ಒಳಗಿನ ಪದರಗಳು ಅಂಟಿಕೊಂಡಿರುವುದರಿಂದ ಕೆಮರಾದ ಕ್ರಮವು ಕಠಿನ; ಕೊಯ್ದು ಬಲೆಯಿಡುವುದೇ ಉಚಿತವೆಂದು ಶಸ್ತ್ರವೈದ್ಯರೂ ಒಪ್ಪಿದರು. ಸ್ಥಳವನ್ನು ಮಾತ್ರ ಮರಗಟ್ಟಿಸಿ ಚಿಕಿತ್ಸೆ ನಡೆಯಿತು. ಮರುದಿನ ತಂದೆಯವರು ಮನೆಯ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರಂತೆ; ಮೊಮ್ಮಗಳ ಫೀಸಿನ ಹಣವೂ ಉಳಿಯಿತು.

ಹಿರಿಯರಿಗಾಗಿ ಹಣ ತೆಗೆಯುವುದು ನಮ್ಮ ಮನೆಗಳಲ್ಲಿ ದೊಡ್ಡ ಮಾತಲ್ಲ. ಅವರ ಬಳಿ ಕುಳಿತು ಒಂದು ಗಳಿಗೆ ವಿಚಾರಿಸುವುದಕ್ಕೆ ಮಾತ್ರ ನಮಗೆ ಪುರುಸೊತ್ತಿರುವುದಿಲ್ಲ. ಈ ತಿಂಗಳು ನಮ್ಮ ವಾಚಕರು ಅದೊಂದನ್ನು ಮಾಡಿದರೆ ಈ ಬರಹವು ಸಾರ್ಥಕ. ಮುಂದಿನ ಸಂಚಿಕೆಯಲ್ಲಿ ವೃದ್ಧರ ಕಣ್ಣಿನ ಪೊರೆಯ ವಿಚಾರವಾಗಿ ಬರೆಯುವೆವು.